ಮೇಜರ್ ಯಾವುದು ಅನ್ನೋದು ಎರಡನೇ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಕಾಲೇಜಿಗೆ ಸೇರುವ ಮಕ್ಕಳು ಸರಿಯಾದ ಮೇಜರ್, ಅಂದರೆ ಡಿಗ್ರಿಯ ಮುಖ್ಯ ವಿಷಯ, ಆರಿಸುವುದು ಹೇಗೆ ಅನ್ನುವುದು ಕೂಟದವರು ನನಗೆ ಕೊಟ್ಟ ವಿಷಯ. 45 ನಿಮಿಷ ಕೊಡ್ತೀವಿ ಅಂತಲೂ ಹೇಳಿದ್ದರು. ಮಕ್ಕಳ ನೃತ್ಯ ಚೆನ್ನಾಗಿತ್ತು, ಸ್ವಲ್ಪ ಜಾಸ್ತಿಯೇ ಚೆನ್ನಾಗಿತ್ತು, ಈಗ ಅರ್ಧ ಗಂಟೆ ಉಳಿದಿದೆ. ಹಾಗಾಗಿ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಿದ್ದೆ ಬಂದರೂ ಪರವಾಗಿಲ್ಲ.

ನಿಮ್ಮ 17 ವರ್ಷದ ಮಗಳನ್ನು "ಯಾವ ಮೇಜರ್?" ಅಂತ ಕೇಳುವ ಮೊದಲು ಕಾಲೇಜನ್ನು ಒಂದು ಪ್ರಶ್ನೆ ಕೇಳಿ. "ಒಳಗೆ ಬಂದ ಮೇಲೆ ಇವಳು ಮನಸ್ಸು ಬದಲಿಸಿದರೆ ಬಿಡ್ತೀರಾ?" ಇಷ್ಟೇ. ಬಣ್ಣದ ಬ್ರೋಷರ್‌ನಲ್ಲಿ ಇದಕ್ಕೆ ಉತ್ತರ ಇರುವುದಿಲ್ಲ. ಕ್ಯಾಂಪಸ್ ಟೂರ್‌ನಲ್ಲಿ ಹಿಂದಕ್ಕೆ ನಡೆಯುತ್ತಾ ಮಾತಾಡುವ ಹುಡುಗನೂ ತಾನಾಗಿ ಹೇಳುವುದಿಲ್ಲ. ನೀವೇ ಕೇಳಬೇಕು.

ನಾವು ಯಾಕೆ ಕೇಳುವುದಿಲ್ಲ ಅಂದರೆ, ನಮ್ಮಲ್ಲಿ ಹೆಚ್ಚಿನವರು ಸಿಇಟಿ ಕಾಲದವರು. ರ‍್ಯಾಂಕ್ ಬಂತು, ಸೀಟು ಸಿಕ್ಕಿತು, ಬ್ರಾಂಚ್ ಅಲ್ಲಿಗೆ ತೀರ್ಮಾನ. ಮೆಕ್ಯಾನಿಕಲ್ ಸಿಕ್ಕಿದವನು ಮೆಕ್ಯಾನಿಕಲ್ ಓದಿ, ಆಮೇಲೆ ಸಾಫ್ಟ್‌ವೇರ್ ಕಂಪನಿಗೆ ಸೇರಿ, ಈಗ ಇಲ್ಲಿ ಕೂತಿದ್ದಾನೆ. ಕೈ ಎತ್ತಿ ಅಂತ ಕೇಳುವುದಿಲ್ಲ, ಅರ್ಧ ಹಾಲ್ ಕೈ ಎತ್ತುತ್ತದೆ. ನಾವು ಓದಿದ್ದು ಒಂದು, ಮಾಡುತ್ತಿರುವುದು ಇನ್ನೊಂದು. ಆದರೆ ಮಗ ಮಾತ್ರ 12ನೇ ಕ್ಲಾಸಿನಲ್ಲೇ ಇಡೀ ಜೀವನದ ಲೆಕ್ಕ ಒಪ್ಪಿಸಬೇಕು. ಇದು ಯಾವ ನ್ಯಾಯ?

ಈ ದೇಶದ ಶಿಕ್ಷಣ ಇಲಾಖೆಯ ಅಂಕಿಅಂಶ ವಿಭಾಗ 2017ರಲ್ಲಿ ಒಂದು ಸಣ್ಣ ವರದಿ ಹೊರಡಿಸಿತು. ಕಾಲೇಜಿಗೆ ಸೇರಿ, ಮೇಜರ್ ಇದೇ ಅಂತ ಹೇಳಿದ ಮಕ್ಕಳನ್ನು ಮೂರು ವರ್ಷ ಬಿಟ್ಟು ಮತ್ತೆ ನೋಡಿದರು. ಸುಮಾರು ಶೇ. 30ರಷ್ಟು ಮಕ್ಕಳು ಒಂದು ಸಲವಾದರೂ ಮೇಜರ್ ಬದಲಿಸಿದ್ದರು. ಗಣಿತ ಅಂತ ಬರೆದವರಲ್ಲಂತೂ ಶೇ. 52. ಗಣಿತದ ಮೇಷ್ಟ್ರು ಯಾರಾದರೂ ಇದ್ದರೆ ಕ್ಷಮಿಸಿ. ಅಂದರೆ ಮನಸ್ಸು ಬದಲಾಗುವುದು ಏನೋ ಅಪಘಾತ ಅಲ್ಲ. ಅದು ಆಗಿಯೇ ಆಗುತ್ತದೆ ಅಂದುಕೊಂಡೇ ಪ್ಲಾನ್ ಮಾಡಬೇಕು.

ಈಗ ಕಾಲೇಜುಗಳ ಕಡೆ ಬನ್ನಿ. ಎಂಐಟಿಗೆ ಸೇರುವಾಗ ನೀವು ಯಾವ ಮೇಜರ್‌ಗೂ ಸೇರುವುದಿಲ್ಲ, ಎಂಐಟಿಗೆ ಸೇರುತ್ತೀರಿ. ಮೊದಲ ವರ್ಷ ಮುಗಿಯುವಾಗ ಆರಿಸಿದರೆ ಸಾಕು. ಸ್ಟ್ಯಾನ್‌ಫರ್ಡ್‌ನಲ್ಲಿ ಎರಡನೇ ವರ್ಷದ ಕೊನೆಯವರೆಗೂ ಸಮಯ ಇದೆ. ಬ್ರೌನ್‌ನಲ್ಲಿ 1969ರಿಂದ ಓಪನ್ ಕರಿಕ್ಯುಲಮ್, ಎಲ್ಲರೂ ಓದಲೇಬೇಕಾದ ಸಾಮಾನ್ಯ ವಿಷಯಗಳ ಪಟ್ಟಿಯೇ ಇಲ್ಲ. ಸರಿ, ಇವೆಲ್ಲ ಸೀಟು ಸಿಗುವುದೇ ಕಷ್ಟವಾದ ಜಾಗಗಳು, ನಮಗೆ ಇವುಗಳ ಕಥೆ ಯಾಕೆ ಅಂತೀರಿ. ಪರ್ಡ್ಯೂ ನೋಡಿ. ಅಲ್ಲಿ ಎಂಜಿನಿಯರಿಂಗ್‌ಗೆ ಸೇರಿದ ಮಕ್ಕಳೆಲ್ಲ ಮೊದಲು ಒಂದೇ ಫಸ್ಟ್ ಇಯರ್ ಪ್ರೋಗ್ರಾಮ್‌ನಲ್ಲಿ ಕೂರುತ್ತಾರೆ. ಏರೋಸ್ಪೇಸಾ, ಸಿವಿಲಾ ಅನ್ನುವುದು ಆಮೇಲೆ. ಕಲೆ, ವಿಜ್ಞಾನ ಎರಡನ್ನೂ ಕಲಿಸುವ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜುಗಳಲ್ಲೂ ಎರಡನೇ ವರ್ಷದವರೆಗೆ ಯಾರೂ ಅವಸರ ಮಾಡುವುದಿಲ್ಲ. ಆ ಕಾಲೇಜುಗಳ ಹೆಸರು ನಮ್ಮ ಊರಿನವರಿಗೆ ಗೊತ್ತಿರುವುದಿಲ್ಲ ಅನ್ನುವುದೊಂದೇ ಅವುಗಳ ದೋಷ.

ಇನ್ನೊಂದು ಕಡೆ, ಇಲಿನಾಯ್‌ನ ಅರ್ಬಾನಾ-ಶಾಂಪೇನ್ ಯೂನಿವರ್ಸಿಟಿ, ಸಿಯಾಟಲ್‌ನ ಯೂನಿವರ್ಸಿಟಿ ಆಫ್ ವಾಷಿಂಗ್ಟನ್. ಇಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ನೇರ ಸೀಟು ಸಿಕ್ಕರೆ ಸಿಕ್ಕಿತು. ಬೇರೆ ಮೇಜರ್‌ಗೆ ಸೇರಿ ಆಮೇಲೆ ಬರ್ತೀನಿ ಅಂದರೆ ಬಹಳ ಕಷ್ಟ. ಬರ್ಕ್ಲಿಯಲ್ಲಿ ಮೊದಲು ಕಲೆ, ವಿಜ್ಞಾನದ ವಿಭಾಗವಾದ ಲೆಟರ್ಸ್ ಅಂಡ್ ಸೈನ್ಸ್‌ಗೆ ಸೇರಿ, ಕೆಲವು ಕೋರ್ಸ್‌ಗಳಲ್ಲಿ ಒಳ್ಳೆ ಗ್ರೇಡ್ ತೆಗೆದು ಸಿ.ಎಸ್.ಗೆ ಹೋಗಬಹುದಿತ್ತು. 2023ರಲ್ಲಿ ಸೇರಿದವರಿಂದ ಆ ದಾರಿ ಬದಲಾಯಿತು, ಈಗ ಅರ್ಜಿಯಲ್ಲೇ ಅದನ್ನು ಹಾಕಬೇಕು. ನಿಮ್ಮ ಸ್ನೇಹಿತರ ಮಗ 2018ರಲ್ಲಿ ಹೇಗೆ ಹೋದ ಅನ್ನುವ ಸಲಹೆ ಇವತ್ತು ಕೆಲಸಕ್ಕೆ ಬರುವುದಿಲ್ಲ. ವಾಟ್ಸ್ಆ್ಯಪ್ ಗುಂಪಿನಲ್ಲಿ ಅದು ಇನ್ನೂ ಓಡಾಡುತ್ತಿದೆ, ಅದು ಬೇರೆ ವಿಷಯ.

ಇಲ್ಲಿ ನಾನು ಒಬ್ಬರ ಕಥೆ ಹೇಳಲೇಬೇಕು. ಹೆಸರು ಬೇಡ. ಅವರನ್ನು ಬಲ್ಲವರು ಈಗಲೇ ನಗುತ್ತಿದ್ದೀರಿ, ದಯವಿಟ್ಟು ಸುಮ್ನಿರಿ.

ಈ ನನ್ನ ಸ್ನೇಹಿತರು ಮಗನಿಗಾಗಿ ಒಂದು ಎಕ್ಸೆಲ್ ಶೀಟ್ ಮಾಡಿದ್ದರು. ಕಾಮನ್ ಆ್ಯಪ್‌ನಲ್ಲಿ ಅಂದರೆ ಒಂದೇ ಫಾರಂ ತುಂಬಿ ಹಲವು ಕಾಲೇಜಿಗೆ ಕಳಿಸುವ ವ್ಯವಸ್ಥೆಯಲ್ಲಿ, 20 ಕಾಲೇಜಿಗೆ ಮಾತ್ರ ಅರ್ಜಿ ಹಾಕಬಹುದು, ಇವರ ಪಟ್ಟಿಯಲ್ಲಿ ಅದಕ್ಕಿಂತ ಜಾಸ್ತಿ ಇದ್ದವು. ರ‍್ಯಾಂಕಿಂಗ್, ಫೀಸು, ಏರ್‌ಪೋರ್ಟ್‌ನಿಂದ ದೂರ, ಎಲ್ಲಕ್ಕೂ ಒಂದೊಂದು ಕಾಲಮ್. ಕೊನೆಯ ಕಾಲಮ್‌ನ ಹೆಸರು "ಹಿಂಬಾಗಿಲು". ನಾನು ಕೇಳಿದೆ, "ಇದೇನ್ರೀ?" "ಸಾರ್, ಸಿ.ಎಸ್.ಗೆ ಎಲ್ಲರೂ ಹಾಕ್ತಾರೆ. ಇವನು ಲಿಂಗ್ವಿಸ್ಟಿಕ್ಸ್‌ಗೆ ಹಾಕ್ತಾನೆ. ಅಲ್ಲಿ ಜನ ಕಡಿಮೆ. ಒಂದ್ಸಲ ಒಳಗೆ ಹೋದ್ರೆ ಸಾಕು, ಆಮೇಲೆ ನೋಡ್ಕೊಳ್ಳೋಣ" ಅಂದರು.

ಸರಿ. ಆದರೆ ಅರ್ಜಿಯಲ್ಲಿ ಒಂದು ಪ್ರಬಂಧ ಬರೆಯಬೇಕಲ್ಲ, ಭಾಷಾವಿಜ್ಞಾನವೇ ಯಾಕೆ ಬೇಕು ಅಂತ. ಹುಡುಗನಿಗೆ ಅದರ ಗಂಧಗಾಳಿ ಇಲ್ಲ. ಅಪ್ಪ ಹೇಳಿದರು, "ಮನೇಲಿ ಕನ್ನಡ, ಹೊರಗೆ ಇಂಗ್ಲಿಷು, ಅದನ್ನೇ ಬರಿ." ಹುಡುಗ ಸ್ವಲ್ಪ ಪ್ರಾಮಾಣಿಕ, ಅಷ್ಟಕ್ಕೆ ಬಿಡಲಿಲ್ಲ. ಅವನ ಅಜ್ಜಿ ಧಾರವಾಡದವರು, ಅಮ್ಮ ಮೈಸೂರಿನವರು. ಅಜ್ಜಿ ಫೋನಿನಲ್ಲಿ "ಏನ್ ಮಾಡಾಕತ್ತೀಯೋ?" ಅಂತಾರೆ. ಅದನ್ನೇ ಅಮ್ಮ "ಏನ್ ಮಾಡ್ತಿದ್ದೀಯೋ?" ಅಂತಾರೆ. ಇವನು ಇಬ್ಬರ ಮಾತನ್ನೂ ರೆಕಾರ್ಡ್ ಮಾಡಿ ಪಟ್ಟಿ ಮಾಡಿದ. ಅಜ್ಜಿಗಂತೂ ಖುಷಿಯೋ ಖುಷಿ, ಮೊಮ್ಮಗ ದಿನಾ ಫೋನ್ ಮಾಡ್ತಾನೆ ಅಂತ ಓಣಿಗೆಲ್ಲ ಹೇಳಿದರಂತೆ. ಪ್ರಬಂಧ ಚೆನ್ನಾಗಿ ಬಂತು. ಸೀಟೂ ಸಿಕ್ಕಿತು. ಅಪ್ಪ ನಮಗೆಲ್ಲ ಊಟ ಹಾಕಿಸಿದರು.

ಕಾಲೇಜು ಶುರುವಾದ ಮೊದಲ ವಾರ ಹುಡುಗ ಅಡ್ವೈಸರ್ ಹತ್ತಿರ ಹೋಗಿ ಸಿ.ಎಸ್.ಗೆ ಬದಲಿಸುವುದು ಹೇಗೆ ಅಂತ ಕೇಳಿದ. ಅವರು ತಣ್ಣಗೆ, "ಆಗೋದಿಲ್ಲ" ಅಂದರು. ಸಿ.ಎಸ್.ಗೆ ನೇರವಾಗಿ ಸೇರಿದವರಿಗೆ ಮಾತ್ರ ಅಂತ ವೆಬ್‌ಸೈಟ್‌ನಲ್ಲೇ ಇತ್ತು. ಅಪ್ಪ ರಜೆ ಹಾಕಿ ಕಾಲೇಜಿಗೆ ಫೋನ್ ಮಾಡಿದರು. ಆ ಕಡೆಯವರು, "ನಿಮ್ಮ ಮಗನ ವಿಷಯ ನಿಮ್ಮ ಹತ್ತಿರ ಮಾತಾಡಬೇಕಾದರೆ ಅವನ ಒಪ್ಪಿಗೆ ಪತ್ರ ಬೇಕು" ಅಂದರು. ಪೋಷಕರೇ, ಇದು ನಿಮಗೂ ಗೊತ್ತಿರಲಿ. ಫರ್ಪಾ ಅಂತ 1974ರ ಕಾನೂನು. ಮಗು ಕಾಲೇಜಿಗೆ ಕಾಲಿಟ್ಟ ದಿನದಿಂದ ಅದರ ದಾಖಲೆಗಳ ಹಕ್ಕು ಅದರದ್ದೇ. ಫೀಸು ಕಟ್ಟುವವರು ನೀವು, ಗ್ರೇಡು ನೋಡುವ ಹಕ್ಕು ಅವರದ್ದು. ನನ್ನ ಸ್ನೇಹಿತರಿಗೆ ಸಿ.ಎಸ್. ಸಿಗದ ದುಃಖಕ್ಕಿಂತ ಇದರ ದುಃಖವೇ ಜಾಸ್ತಿಯಾಯಿತು.

ಎರಡು ವರ್ಷ ಹಾಗೇ ಎಳೆದಾಡಿ ಹುಡುಗ ಬೇರೆ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆದ. ಕೆಲವು ಕ್ರೆಡಿಟ್‌ಗಳನ್ನು ಅಲ್ಲಿ ಒಪ್ಪಲಿಲ್ಲ. ಒಂದು ವರ್ಷದ ಫೀಸು ಮೇಲೆ ಬಿತ್ತು. ಆದರೆ ಅಲ್ಲಿ ಯಾರು ಬೇಕಾದರೂ ಸಿ.ಎಸ್.ಗೆ ಬದಲಿಸಬಹುದಿತ್ತು. ಇವನು ಬದಲಿಸಿದ, ಒಂದು ಟರ್ಮ್ ಓದಿದ, ಮತ್ತೆ ಬದಲಿಸಿದ. ಡಿಗ್ರಿ ತಗೊಂಡದ್ದು ಯಾವುದರಲ್ಲಿ ಗೊತ್ತಾ? ಲಿಂಗ್ವಿಸ್ಟಿಕ್ಸ್! ಈಗ ಮಾತು ಗುರುತಿಸುವ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅಪ್ಪ ಪಾರ್ಟಿಗಳಲ್ಲಿ "ಮಗ ಎ.ಐ.ನಲ್ಲಿದ್ದಾನೆ" ಅಂತಾರೆ. ಭಾಷೆಯ ಸುದ್ದಿಯನ್ನೇ ಎತ್ತುವುದಿಲ್ಲ.

ಈ ಕಥೆ ಕೇಳಿ ಕೆಲವರು, "ನೋಡಿ, ಇಷ್ಟವಾದದ್ದನ್ನೇ ಓದಬೇಕು" ಅನ್ನುತ್ತಾರೆ. ನಾನು ಹೇಳುತ್ತಿರುವುದು ಅದಲ್ಲ. 17ರಲ್ಲಿ ಯಾರಿಗೆ ಏನು ಇಷ್ಟ ಅಂತ ಹೇಗೆ ಗೊತ್ತಾಗಬೇಕು? ಹೈಸ್ಕೂಲಿನಲ್ಲಿ ಲಿಂಗ್ವಿಸ್ಟಿಕ್ಸ್ ಇರುವುದೇ ಅಪರೂಪ. ಮೆಟೀರಿಯಲ್ಸ್ ಸೈನ್ಸ್, ಆ್ಯಕ್ಚುವೇರಿಯಲ್ ಸೈನ್ಸ್, ಪಬ್ಲಿಕ್ ಹೆಲ್ತ್ ಇವುಗಳದ್ದೂ ಅದೇ ಕಥೆ. ಇದುವರೆಗೆ ರುಚಿಯೇ ನೋಡದ ವಿಷಯವನ್ನು ಮಗು ಆರಿಸಬೇಕು ಅಂತೀವಿ. ಆ ಶೀಟ್‌ನಲ್ಲಿ ಅಷ್ಟೊಂದು ಕಾಲಮ್ ಇದ್ದವು. ಒಳಗೆ ಹೋದ ಮೇಲೆ ಬದಲಿಸಬಹುದಾ ಅನ್ನುವ ಕಾಲಮ್ ಮಾತ್ರ ಇರಲಿಲ್ಲ. ಹಿಂಬಾಗಿಲಿನ ಕಾಲಮ್ ಇತ್ತು, ಅದನ್ನು ಕಾಲೇಜಿನ ನಿಯಮ ಓದದೆ ತುಂಬಿದ್ದರು.

ನಡುವೆ ಒಂದು ಸಮಾಧಾನದ ಮಾತು. ಎರಡನ್ನೂ ಬಿಡಲಾಗದ ಮಕ್ಕಳಿಗೆ ಈಗ ಜೋಡಿ ಡಿಗ್ರಿಗಳಿವೆ. ಅದೇ ಇಲಿನಾಯ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಜೊತೆ ಭಾಷಾವಿಜ್ಞಾನ, ಮಾನವಶಾಸ್ತ್ರ, ಸಂಗೀತ, ಕೊನೆಗೆ ಬೆಳೆ ವಿಜ್ಞಾನ ಕೂಡ ಓದಬಹುದು. ಸಿ.ಎಸ್. ಪ್ಲಸ್ ಬೆಳೆ! ನಮ್ಮ ತಾತಂದಿರು ಒಪ್ಪುತ್ತಿದ್ದರು.

ಡಾಕ್ಟರ್ ಆಗಬೇಕು ಅನ್ನುವವರು ಇಲ್ಲಿ ಜಾಸ್ತಿ ಇದ್ದೀರಿ, ಅದಕ್ಕೆ ಎರಡು ಮಾತು. ಪ್ರಿ-ಮೆಡ್, ಅಂದರೆ ಮೆಡಿಕಲ್ ಸ್ಕೂಲಿಗೆ ಮೊದಲಿನ ತಯಾರಿ, ಅನ್ನುವುದು ಸಾಮಾನ್ಯವಾಗಿ ಮೇಜರ್ ಅಲ್ಲ. ಬಯಾಲಜಿ, ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್ ಹೀಗೆ ಕೆಲವು ಕೋರ್ಸ್‌ಗಳು, ಆಮೇಲೆ ಎಂಕ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ. ಇವನ್ನು ಮುಗಿಸಿ ಇತಿಹಾಸ ಮೇಜರ್ ಮಾಡಿದವರೂ ಮೆಡಿಕಲ್ ಸ್ಕೂಲಿಗೆ ಹೋಗುತ್ತಾರೆ. ಹೈಸ್ಕೂಲಿನಿಂದಲೇ ನೇರ ದಾರಿ ಬೇಕು ಅಂದರೆ ಬ್ರೌನ್‌ನ ಎಂಟು ವರ್ಷದ ಪಿ.ಎಲ್.ಎಂ.ಇ. ತರದವು ಇವೆ. ಅಲ್ಲೂ ಯಾವ ವಿಷಯದಲ್ಲಿ ಬೇಕಾದರೂ ಡಿಗ್ರಿ ಮಾಡಬಹುದು. ಆದ್ದರಿಂದ "ಡಾಕ್ಟರ್ ಆಗೋಕೆ ಬಯಾಲಜಿ ಹಾಕು" ಅಂತ ಮಗುವಿನ ತಲೆ ತಿನ್ನಬೇಡಿ. ಬಯಾಲಜಿ ಇಷ್ಟ ಇದ್ದರೆ ಹಾಕಲಿ.

ವೀಸಾ ವಿಷಯ ಬಿಟ್ಟರೆ ಈ ಹಾಲ್‌ನಲ್ಲಿ ಮಾತಾಡಿದ ಹಾಗೇ ಆಗುವುದಿಲ್ಲ. ಎಚ್-4, ಅಂದರೆ ಅಪ್ಪ ಅಮ್ಮನ ಕೆಲಸದ ವೀಸಾಕ್ಕೆ ಅಂಟಿಕೊಂಡ ವೀಸಾದಲ್ಲಿರುವ ಮಕ್ಕಳಿಗೆ ಫೆಡರಲ್ ಸಹಾಯಧನ ಇಲ್ಲ, ಫಾಫ್ಸಾ ಅನ್ನುವ ಸಹಾಯಧನದ ಅರ್ಜಿ ತುಂಬಿ ಅದು ಸಿಗುವುದಿಲ್ಲ. 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ಅಷ್ಟರೊಳಗೆ ಗ್ರೀನ್ ಕಾರ್ಡ್ ಬರದಿದ್ದರೆ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಹೋಗಬೇಕು, ಸಾಮಾನ್ಯವಾಗಿ ಡಿಗ್ರಿಯ ನಡುವೆಯೇ. ರಾಜ್ಯದ ಮಕ್ಕಳ ಕಡಿಮೆ ಫೀಸು ಸಿಗುತ್ತದೋ ಇಲ್ಲವೋ, ಎಫ್-1 ಆದ ಮೇಲೂ ಅದು ಮುಂದುವರಿಯುತ್ತದೋ ಅನ್ನುವುದು ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಕಾಲೇಜಿನ ರೆಸಿಡೆನ್ಸಿ ಆಫೀಸಿಗೆ ಇಮೇಲ್ ಮಾಡಿ, ಬರಹದಲ್ಲಿ ಉತ್ತರ ತಗೊಳ್ಳಿ. ಬಾಯಿಮಾತು ಬೇಡ.

ಮೇಜರ್‌ಗೂ ಇದಕ್ಕೂ ನೇರ ಸಂಬಂಧ ಇದೆ. ಎಫ್-1ನಲ್ಲಿ ಡಿಗ್ರಿ ಮುಗಿಸಿದವರಿಗೆ ಓ.ಪಿ.ಟಿ. ಅಂತ 12 ತಿಂಗಳು ಕೆಲಸ ಮಾಡಲು ಬಿಡುತ್ತಾರೆ. ಸ್ಟೆಮ್, ಅಂದರೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದ ಡಿಗ್ರಿ ಆದರೆ ಇನ್ನೂ 24 ತಿಂಗಳು. ಸ್ಟೆಮ್ ಹೌದೋ ಅಲ್ಲವೋ ಅನ್ನುವುದು ಡಿಗ್ರಿಯ ಹೆಸರಿನ ಮೇಲೆ ನಿಂತಿಲ್ಲ, ಅದಕ್ಕೆ ಅಂಟಿಸಿದ ಸಿಪ್ ಕೋಡ್ ಅನ್ನುವ ಸಂಖ್ಯೆಯ ಮೇಲೆ ನಿಂತಿದೆ. ಎಕನಾಮಿಕ್ಸ್‌ನ ಕೋಡ್‌ಗಳಲ್ಲಿ ಎರಡನ್ನು ನೋಡಿ. ಸಾಮಾನ್ಯ ಎಕನಾಮಿಕ್ಸ್ ಒಂದು, ಅಂಕಿಅಂಶದ ಲೆಕ್ಕಾಚಾರದ ಎಕನಾಮೆಟ್ರಿಕ್ಸ್ ಸೇರಿದ್ದು ಇನ್ನೊಂದು. ಎರಡನೆಯದು ಮಾತ್ರ ಸ್ಟೆಮ್. ಯೇಲ್ ಸೇರಿದಂತೆ ಎಷ್ಟೋ ಯೂನಿವರ್ಸಿಟಿಗಳು ತಮ್ಮ ಎಕನಾಮಿಕ್ಸ್ ಡಿಗ್ರಿಯನ್ನು ಆ ಕೋಡ್‌ಗೆ ಬದಲಿಸಿವೆ. ನಿಮ್ಮ ಮಗಳು ನೋಡುತ್ತಿರುವ ಕಾಲೇಜು ಬದಲಿಸಿದೆಯಾ? ಕೇಳಿ. ಕೇಳುವ ಪ್ರಶ್ನೆ ಒಂದೇ ಅಂದಿದ್ದೆ, ಎರಡಾಯಿತು.

ಚೀಟಿ ಬಂತು. ಹತ್ತು ನಿಮಿಷ ಅಂತ ಬರೆದಿದ್ದಾರೆ, "ಹತ್ತು" ಹೊಡೆದುಹಾಕಿ "ಐದು" ಮಾಡಿದ್ದಾರೆ. ಹಾಗಾದರೆ ದುಡ್ಡು ಮತ್ತು ತಾರೀಖು ಬೇಗ ಹೇಳುತ್ತೇನೆ.

ಕಾಲೇಜಿನ ವೆಬ್‌ಸೈಟ್‌ನಲ್ಲಿ ಸಹಾಯಧನ ಕಳೆದು ನಿಮಗೆ ಬೀಳುವ ಖರ್ಚನ್ನು ಅಂದಾಜು ಮಾಡುವ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ ಇರುತ್ತದೆ, 2011ರಿಂದ ಅದು ಕಾನೂನು. ಅರ್ಜಿ ಹಾಕುವ ಮೊದಲೇ, ಗಂಡ ಹೆಂಡತಿ ಇಬ್ಬರೂ ಕೂತು ತುಂಬಿ. ಮಗುವನ್ನೂ ಕೂರಿಸಿಕೊಳ್ಳಿ. ಏಪ್ರಿಲ್‌ನಲ್ಲಿ ಅಳುವುದಕ್ಕಿಂತ ಸೆಪ್ಟೆಂಬರ್‌ನಲ್ಲಿ ಗೊತ್ತಾಗುವುದು ಒಳ್ಳೆಯದು ಅಲ್ವಾ? ಯಾವ ಕಾಲೇಜಿನ ಯಾವ ಮೇಜರ್‌ನವರು ಎಷ್ಟು ಸಂಪಾದಿಸುತ್ತಾರೆ ಅಂತ ನೋಡಲು ಸರ್ಕಾರದ ಕಾಲೇಜ್ ಸ್ಕೋರ್‌ಕಾರ್ಡ್ ಇದೆ. ಅದರಲ್ಲಿರುವುದು ಸರ್ಕಾರದ ಸಹಾಯಧನ ಅಥವಾ ಸಾಲ ಪಡೆದ ಮಕ್ಕಳ ಲೆಕ್ಕ ಮಾತ್ರ, ಅದನ್ನು ನೆನಪಿಟ್ಟುಕೊಂಡು ಓದಿ.

ಕಾಮನ್ ಆ್ಯಪ್ ಆಗಸ್ಟ್ 1ಕ್ಕೇ ತೆರೆದಿದೆ. ಬೇಗ ಹಾಕಿ ಬೇಗ ಉತ್ತರ ಪಡೆಯುವ ಅರ್ಲಿ ಅರ್ಜಿಗಳಲ್ಲಿ ಬಹಳಷ್ಟಕ್ಕೆ ನವೆಂಬರ್ 1 ಕಡೆಯ ದಿನ. ಅರ್ಲಿ ಡಿಸಿಷನ್ ಅಂದರೆ ಸೀಟು ಕೊಟ್ಟರೆ ಸೇರ್ತೀನಿ ಅಂತ ಮಗು, ಪೋಷಕರು, ಸ್ಕೂಲಿನ ಕೌನ್ಸೆಲರ್ ಮೂವರೂ ಸಹಿ ಹಾಕುವುದು. ಅದನ್ನು ಒಂದೇ ಕಾಲೇಜಿಗೆ ಹಾಕಬಹುದು. ಬದಲಿಸಲು ಬಿಡದ ಕಾಲೇಜಿಗೆ, ಮನಸ್ಸು ಗಟ್ಟಿಯಿಲ್ಲದ ಮಗುವಿನಿಂದ ಅರ್ಲಿ ಡಿಸಿಷನ್ ಹಾಕಿಸಬೇಡಿ. ಹಾಕಿಸಿದರೆ ಎರಡು ಸಲ ಕಟ್ಟಿಹಾಕಿದ ಹಾಗೆ. ಅರ್ಲಿ ಆ್ಯಕ್ಷನ್‌ಗೆ ಆ ಕಟ್ಟು ಇಲ್ಲ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಅರ್ಜಿಯೇ ಬೇರೆ, ಎಂಟು ಪ್ರಶ್ನೆಗಳಲ್ಲಿ ನಾಲ್ಕಕ್ಕೆ 350 ಪದದೊಳಗೆ ಉತ್ತರ. ಅಲ್ಲಿ ಎಸ್ಎಟಿ ಅನ್ನುವ ಪ್ರವೇಶ ಪರೀಕ್ಷೆಯ ಅಂಕ ನೋಡುವುದೇ ಇಲ್ಲ. ಎಂಐಟಿ 2022ರಲ್ಲಿ ಅದನ್ನು ಮತ್ತೆ ಕಡ್ಡಾಯ ಮಾಡಿದೆ. ಹಾಗಾಗಿ "ಎಸ್ಎಟಿ ಈಗ ಬೇಡವಂತೆ" ಅನ್ನುವ ಮಾತು ನಂಬಬೇಡಿ.

ಕಮ್ಯುನಿಟಿ ಕಾಲೇಜು, ಅಂದರೆ ಎರಡು ವರ್ಷದ ಸ್ಥಳೀಯ ಕಾಲೇಜಿನ ಬಗ್ಗೆ ಇಡೀ ಒಂದು ಭಾಗ ಬರೆದುಕೊಂಡು ಬಂದಿದ್ದೆ. ಒಂದೇ ಮಾತು ಹೇಳುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷ ಅಲ್ಲಿ ಓದಿ, ಹೇಳಿದ ಕೋರ್ಸ್‌ಗಳನ್ನು ಹೇಳಿದ ಗ್ರೇಡ್‌ನಲ್ಲಿ ಮುಗಿಸಿದರೆ ಡೇವಿಸ್, ಅರ್ವೈನ್ ಸೇರಿ ಆರು ಯು.ಸಿ. ಕ್ಯಾಂಪಸ್‌ಗಳಲ್ಲಿ ಸೀಟು ಖಾತ್ರಿ ಮಾಡಿಕೊಳ್ಳುವ ಯೋಜನೆ ಇದೆ, ಟ್ಯಾಗ್ ಅಂತ. ಬರ್ಕ್ಲಿ, ಯು.ಸಿ.ಎಲ್.ಎ. ಅದರಲ್ಲಿಲ್ಲ. ಕೆಲವು ಮೇಜರ್‌ಗಳೂ ಇಲ್ಲ. ಆದರೂ ಕಡಿಮೆ ಫೀಸಿನಲ್ಲಿ ಎರಡು ವರ್ಷ ಬೇರೆ ಬೇರೆ ವಿಷಯದ ರುಚಿ ನೋಡಬಹುದು. ನಮ್ಮವರು ಮರ್ಯಾದೆ ಪ್ರಶ್ನೆ ಅಂತ ಆ ಕಡೆ ತಿರುಗಿಯೂ ನೋಡುವುದಿಲ್ಲ.

ಮೈಕ್ ಆಫ್ ಮಾಡುವ ಮೊದಲು ಪ್ರಶ್ನೆಗಳು. ಮೊದಲು ಮಕ್ಕಳು ಕೇಳಲಿ, ಪೋಷಕರು ಆಮೇಲೆ. ಆ ಹಿಂದಿನ ಸಾಲಿನ ಹುಡುಗಿ ಆಗಿನಿಂದ ಕೈ ಎತ್ತಿದ್ದಾಳೆ, ಪಕ್ಕದಲ್ಲಿರುವ ಅವಳ ಅಪ್ಪ ಅದನ್ನು ಇಳಿಸುತ್ತಿದ್ದಾರೆ. ಸಾರ್, ಕೈ ಬಿಡಿ, ಅವಳು ಕೇಳಲಿ.