ಮೊದಲ ದಿನವೇ ಬಂದಿದ್ದ ಗಿರಾಕಿ

ಗೆಳೆಯರೇ, ಲ್ಯಾಪ್‌ಟಾಪ್ ತೆರೆದು ವಿಡಿಯೋ ಮೀಟಿಂಗಿಗೆ ಕೂರುವುದು ನಮಗೀಗ ಹಲ್ಲುಜ್ಜಿದಷ್ಟೇ ಸಲೀಸು. ಆದರೆ ಮೇಜಿನ ಮೇಲೊಂದು ಪರದೆ, ಅದರೊಳಗೆ ಮಾತಾಡುವವರ ಮುಖ ಅನ್ನುವ ಕನಸು ತುಂಬಾ ಹಳೆಯದು.

1964ರಲ್ಲಿ ನ್ಯೂಯಾರ್ಕ್‌ನ ವಿಶ್ವ ಮೇಳದಲ್ಲಿ ಅಮೆರಿಕದ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿ, ಮಾತಾಡುವವರ ಮುಖವನ್ನೂ ತೋರಿಸುವ ಪಿಕ್ಚರ್‌ಫೋನನ್ನು ಜನರ ಮುಂದಿಟ್ಟಿತು. ಅದೇ ವರ್ಷ ನ್ಯೂಯಾರ್ಕ್, ವಾಷಿಂಗ್ಟನ್, ಷಿಕಾಗೋದಲ್ಲಿ ಅದರ ಸಾರ್ವಜನಿಕ ಬೂತ್‌ಗಳು ಬಂದವು. ಮೂರು ನಿಮಿಷದ ಮಾತಿಗೆ ಕಡಿಮೆ ಅಂದರೂ 16 ಡಾಲರ್. 1970ರಲ್ಲಿ ಪಿಟ್ಸ್‌ಬರ್ಗ್‌ನ ಆಫೀಸುಗಳಿಗೆ ಸೆಟ್ ಕೊಟ್ಟರು. ಬಾಡಿಗೆ ತಿಂಗಳಿಗೆ 160 ಡಾಲರ್, ಅದರಲ್ಲಿ 30 ನಿಮಿಷ ಮಾತು. 1980ರ ಹೊತ್ತಿಗೆ ಹತ್ತು ಲಕ್ಷ ಸೆಟ್ ಓಡುತ್ತವೆ ಎಂದು ಕಂಪನಿಯವರು ನಂಬಿದ್ದರು. ಕೆಲವು ನೂರಕ್ಕೇ ನಿಂತುಹೋಯಿತು.

ಯಾಕೆ? ಬೆಲೆ ಒಂದು ಕಾರಣ. ಇನ್ನೊಂದು ಅದಕ್ಕಿಂತ ದೊಡ್ಡದು. ನೀವು ಸೆಟ್ ತಗೊಂಡರೂ ಯಾರಿಗೆ ಫೋನ್ ಮಾಡುತ್ತೀರಿ? ಆ ಕಡೆಯವರ ಹತ್ತಿರವೂ ಅದು ಇರಬೇಕು, ಅಲ್ವಾ? ಮೊದಲು ಕೊಂಡವರಿಗೆ ಅದರಿಂದ ಸಿಗುವ ಉಪಯೋಗ ಎಲ್ಲರಿಗಿಂತ ಕಡಿಮೆ.

ತೊಂಬತ್ತರ ದಶಕದಲ್ಲಿ ಆಸೆ ಮತ್ತೆ ಚಿಗುರಿತು, ಈ ಸಲ ಕಂಪ್ಯೂಟರಿನ ಮೇಲೆ. 1992ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಸಿಯು-ಸೀಮಿ ಎಂಬ ವಿಡಿಯೋ ಮಾತುಕತೆಯ ಸಾಫ್ಟ್‌ವೇರ್ ಹುಟ್ಟಿತು. ಅದರ ಚಿತ್ರ ಅಡ್ಡಕ್ಕೆ 160, ಉದ್ದಕ್ಕೆ 120 ಚುಕ್ಕೆ, ಬರೀ ಬೂದು ಬಣ್ಣ. ಮೋಡೆಮ್ ಲೈನಿನಲ್ಲಿ ಮುಖ ತಡೆತಡೆದು ಅಲುಗುತ್ತಿತ್ತು. 1994ರಲ್ಲಿ ಇಂಟೆಲ್‌ನ ಪ್ರೋಷೇರ್ ಎಂಬ ವಿಡಿಯೋ ಮೀಟಿಂಗ್ ವ್ಯವಸ್ಥೆ ಬಂತು, ಅದಕ್ಕೆ ಐಎಸ್‌ಡಿಎನ್ ಎಂಬ ಡಿಜಿಟಲ್ ಫೋನ್ ಲೈನ್ ಬೇಕಿತ್ತು. ಅದೇ ವರ್ಷ ಕಂಪ್ಯೂಟರಿಗೆ ಜೋಡಿಸುವ, ಚೆಂಡಿನ ಆಕಾರದ ಕ್ವಿಕ್‌ಕ್ಯಾಮ್ ಕ್ಯಾಮೆರಾ ಬಂತು, ಬೆಲೆ ನೂರು ಡಾಲರಿನ ಆಸುಪಾಸು. ಭವಿಷ್ಯ ಹೇಳಿದವರ ಮಾತು ಮಾತ್ರ ಬದಲಾಗಲಿಲ್ಲ: ಮ್ಯಾನೇಜರುಗಳು ಇನ್ನು ವಿಮಾನ ಹತ್ತಬೇಕಿಲ್ಲ, ಕಂಪನಿಗೆ ದುಡ್ಡು ಉಳಿಯುತ್ತದೆ.

ಇಲ್ಲೇ ನನಗೆ ನೋವಾಗುವುದು. 1964ರ ಆ ಮೇಳದಲ್ಲೇ ಕಿವಿ ಕೇಳದ ಇಬ್ಬರು ಪಿಕ್ಚರ್‌ಫೋನಿನಲ್ಲಿ ಮಾತಾಡಿದ್ದರು. ಒಬ್ಬರು ಮೇಳದಲ್ಲಿ, ಇನ್ನೊಬ್ಬರು ಬೇರೆ ಊರಿನಲ್ಲಿ. ಕೈಸನ್ನೆಯಲ್ಲೇ, ಸರಾಗವಾಗಿ. ಮಿಕ್ಕವರಿಗೆ ಮುಖ ಕಾಣುವುದು ಒಂದು ಸೊಗಸು ಅಷ್ಟೆ, ಮಾತಂತೂ ಮಾಮೂಲಿ ಫೋನಿನಲ್ಲೇ ಕೇಳುತ್ತದೆ. ಇವರಿಗೆ ಚಿತ್ರವೇ ಮಾತು. ಫೋನು ಬೇಕೇ ಬೇಕು ಅನ್ನುವ ಜನ ಮೊದಲ ದಿನವೇ ಎದುರಿಗೆ ಕೂತಿದ್ದರು. ಆದರೂ ಕಂಪನಿಯವರು ಆಫೀಸಿನ ಮೇಜುಗಳನ್ನೇ ಎಣಿಸಿದರು. ತಿಂಗಳಿಗೆ 160 ಡಾಲರ್ ಅಂದಮೇಲೆ ಈ ಜನ ದೂರವೇ ಉಳಿದರು.

ಹೋದ ತಿಂಗಳು ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ಹುಡುಗ ಬ್ಯಾಗಿಗೆ ನೀರಿನ ಬಾಟಲಿ ಒರಗಿಸಿ, ಅದಕ್ಕೆ ಫೋನು ಆನಿಸಿ ನಿಲ್ಲಿಸಿದ. ಸುಮ್ನೆ ವಿಡಿಯೋ ನೋಡುತ್ತಾನೆ ಅಂದುಕೊಂಡೆ. ಅಷ್ಟರಲ್ಲಿ ಅವನ ಎರಡೂ ಕೈ ಮೇಲೆದ್ದವು, ಬೆರಳುಗಳು ಚಕಚಕ ಓಡಿದವು. ಪರದೆಯಲ್ಲಿ ಒಬ್ಬ ಹೆಂಗಸು, ಬಹುಶಃ ಅವನ ಅಮ್ಮ. ಹಿಟ್ಟು ಮೆತ್ತಿದ ಕೈಯಲ್ಲೇ ಉತ್ತರ ಕೊಡುತ್ತಿದ್ದರು.