ಗೋಡೆಗೆ ಏನೂ ಅಂಟಿಸಬಾರದಂತೆ! ಒಂದು ಅನ್‌ಕಾನ್ಫರೆನ್ಸ್ ತಯಾರಿ

ಕ್ಯಾಮೆರಾ ಓಡುತ್ತಿದೆ. ಹಿಂದೆ ಕುರ್ಚಿ ಎಳೆಯುವ ಸದ್ದು, ಸ್ವಲ್ಪ ಸಹಿಸಿಕೊಳ್ಳಿ. ಸಾಲಾಗಿದ್ದ ಕುರ್ಚಿಗಳನ್ನು ದುಂಡಗೆ ಹಾಕುತ್ತಿದ್ದೇವೆ. ಅದನ್ನೇನು ವಿವರಿಸುವುದು, ನಿಮಗೇ ಕಾಣಿಸುತ್ತಿದೆ.

ಇವತ್ತು ಇಲ್ಲಿ ಅನ್‌ಕಾನ್ಫರೆನ್ಸ್. ಭಾಷಣಕಾರರ ಪಟ್ಟಿ ಇಲ್ಲ, ಮುಖ್ಯ ಅತಿಥಿ ಇಲ್ಲ, ವೇದಿಕೆಯೂ ಇಲ್ಲ. ಒಂದೇ ವೃತ್ತಿಯವರು ಸೇರುತ್ತೇವೆ. ಯಾರಿಗೆ ಯಾವ ವಿಷಯ ಮಾತಾಡಬೇಕು ಅನಿಸುತ್ತದೋ ಅವರು ಬೆಳಿಗ್ಗೆ ಎದ್ದು ಹೇಳುತ್ತಾರೆ, ಚೀಟಿಯಲ್ಲಿ ಬರೆಯುತ್ತಾರೆ, ಟೈಮ್ ಟೇಬಲ್‌ನಲ್ಲಿ ಖಾಲಿ ಇರುವ ಕಡೆ ಅಂಟಿಸುತ್ತಾರೆ. ಅರ್ಧ ಮುಕ್ಕಾಲು ಗಂಟೆಯಲ್ಲಿ ಇಡೀ ದಿನದ ಕಾರ್ಯಕ್ರಮ ರೆಡಿ. "ಹಾಗಾದರೆ ನಿಮಗೆ ಕೆಲಸವೇ ಇಲ್ಲವಲ್ಲ" ಅಂತ ಕೇಳುವವರು ಇದ್ದೇ ಇರುತ್ತಾರೆ. ಬನ್ನಿ, ಈ ಗೋಡೆ ನೋಡಿ.

ನೋಡಿದಿರಾ? ಅಗಲವಾಗಿದೆ, ಬಿಳಿಯಾಗಿದೆ, ಎಲ್ಲರ ಕಣ್ಣಿಗೂ ಬೀಳುವ ಜಾಗದಲ್ಲಿದೆ. ಹಾಲ್ ನೋಡಲು ಬಂದಾಗ ಈ ಗೋಡೆ ಕಂಡೇ ಒಪ್ಪಿದ್ದು. ಯಾಕೆಂದರೆ ಅನ್‌ಕಾನ್ಫರೆನ್ಸ್‌ನಲ್ಲಿ ಗೋಡೆಯೇ ಕಾರ್ಯಕ್ರಮ ಪಟ್ಟಿ. ಏನಾದರೂ ಅಂಟಿಸಬಹುದಾ ಅಂತ ಮೊದಲೇ ಕೇಳಿದ್ದೆವು, ಧಾರಾಳವಾಗಿ ಅಂಟಿಸಿ ಅಂದಿದ್ದರು. ಇವತ್ತು ಬೆಳಿಗ್ಗೆ ಬಂದರೆ ಹೊಸ ಪೇಂಟ್! ಟೇಪ್ ಬೇಡ, ಗಮ್ ಬೇಡ, ಸ್ಟಿಕಿ ನೋಟ್ ಕೂಡ ಬೇಡ ಅಂತ ಹಾಲ್‌ನವರು ಅಡ್ಡ ನಿಂತರು. ಸ್ಟಿಕಿ ನೋಟ್‌ನಿಂದ ಪೇಂಟ್‌ಗೆ ಏನಾಗುತ್ತದೆ ಸ್ವಾಮಿ ಅಂದೆ. ರೂಲ್ಸ್ ರೂಲ್ಸೇ ಅಂದರು. ಪೇಂಟ್ ಹೊಡೆಯುವಾಗ ಒಂದು ಫೋನ್ ಮಾಡಿದ್ದರೆ ಬೋರ್ಡ್ ತರುತ್ತಿದ್ದೆವು, ಅಷ್ಟೇ ನನ್ನ ಸಂಕಟ. ಮಾಮೂಲಿ ಸಮ್ಮೇಳನದಲ್ಲಿ ಮೈಕ್ ಕೆಟ್ಟರೆ ಜೋರಾಗಿ ಮಾತಾಡಿ ಸುಧಾರಿಸಬಹುದು. ಇಲ್ಲಿ ಗೋಡೆ ಹೋದರೆ ಯಾರು ಎಲ್ಲಿಗೆ ಹೋಗಬೇಕು ಅಂತಲೇ ಯಾರಿಗೂ ಗೊತ್ತಾಗುವುದಿಲ್ಲ.

ಕೊನೆಗೆ ಕಿಟಕಿ. ಗಾಜಿನ ಮೇಲೆ ಸ್ಟಿಕಿ ನೋಟ್ ಚೆನ್ನಾಗಿ ಹಿಡಿಯುತ್ತದೆ. ಆದರೆ ಹಿಂದಿನಿಂದ ಬಿಸಿಲು ಹೊಡೆದರೆ ಅಕ್ಷರ ಕಾಣಿಸುವುದಿಲ್ಲ. ಅದಕ್ಕೆ ಗಾಜಿನ ಮೇಲೆ ಮೊದಲು ದೊಡ್ಡ ಚಾರ್ಟ್ ಪೇಪರ್, ಅದರ ಮೇಲೆ ಚೀಟಿ. ಇನ್ನೊಂದು, ಚೀಟಿಯನ್ನು ಕಟ್ಟಿನಿಂದ ಕೆಳಗಿನಿಂದ ಮೇಲಕ್ಕೆ ಕೀಳಬೇಡಿ. ಸುರುಳಿಯಾಗಿ ಮಧ್ಯಾಹ್ನದ ಹೊತ್ತಿಗೆ ಉದುರುತ್ತದೆ. ಪಕ್ಕದಿಂದ ಪಕ್ಕಕ್ಕೆ ಎಳೆಯಿರಿ, ನೆಟ್ಟಗೆ ಕೂರುತ್ತದೆ. ಬರೆಯಲು ದಪ್ಪ ಮಾರ್ಕರ್ ಮಾತ್ರ. ಬಾಲ್ ಪೆನ್ ಕಂಡರೆ ನಾನು ಕಿತ್ತಿಟ್ಟುಕೊಳ್ಳುತ್ತೇನೆ.

ಈ ಪದ್ಧತಿ ಹೊಸದೇನಲ್ಲ. ಹ್ಯಾರಿಸನ್ ಓವೆನ್ ಅಂತ ಅಮೆರಿಕದವರು, 1983ರಲ್ಲಿ ಕಷ್ಟಪಟ್ಟು ಒಂದು ದೊಡ್ಡ ಸಮ್ಮೇಳನ ಮಾಡಿದರು. ಎಲ್ಲಾ ಮುಗಿದ ಮೇಲೆ ಜನ ಹೊಗಳಿದ್ದು ಕಾಫಿ ವಿರಾಮಗಳನ್ನು! ಪಾಪ, ಅವರು ಪ್ಲಾನ್ ಮಾಡದೇ ಇದ್ದ ಭಾಗ ಅದೊಂದೇ. 1985ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಅವರು ಎಲ್ಲರನ್ನೂ ದುಂಡಗೆ ಕೂರಿಸಿ, ವಿಷಯ ನೀವೇ ಹೇಳಿ ಅಂದರು. ಓಪನ್ ಸ್ಪೇಸ್ ಅನ್ನುವುದು ಶುರುವಾಗಿದ್ದು ಹಾಗೆ. ಆಮೇಲೆ ಸಾಫ್ಟ್‌ವೇರ್ ಮಂದಿ ಹಿಡಿದುಕೊಂಡರು. 2003ರಲ್ಲಿ ಫೂ ಕ್ಯಾಂಪ್ ಅನ್ನುವ ಇಂಥದೇ ಕೂಟ ಬಂತು, ಆದರೆ ಕರೆದವರಿಗೆ ಮಾತ್ರ ಪ್ರವೇಶ. 2005ರ ಆಗಸ್ಟ್‌ನಲ್ಲಿ ಪಾಲೋ ಆಲ್ಟೋದಲ್ಲಿ ಯಾರು ಬೇಕಾದರೂ ಬರಬಹುದಾದ ಬಾರ್‌ಕ್ಯಾಂಪ್ ಮಾಡಿದರು. ಅದರ ತಯಾರಿ ಒಂದು ವಾರದೊಳಗೆ ಮುಗಿದಿತ್ತು. ಅವರಿಗೆ ಗೋಡೆ ಕೊಟ್ಟವರು ಒಳ್ಳೆಯವರಿರಬೇಕು.

ಅಯ್ಯೋ, ಶಾಟ್ ಮುಗಿಯುತ್ತಿದೆ. ಬೇಗ ಲೆಕ್ಕ ಹೇಳುತ್ತೇನೆ. ಅರವತ್ತು ಜನ ಇದ್ದರೆ ಐದು ಮೂಲೆ, ಅಂದರೆ ಗುಂಪು ಕೂರುವ ಐದು ಜಾಗ ಮಾಡಿ. ಒಂದೊಂದು ಗುಂಪಿಗೆ ಸುಮಾರು ಹನ್ನೆರಡು ಜನ ಬರುತ್ತಾರೆ, ಎಲ್ಲರಿಗೂ ಬಾಯಿ ತೆರೆಯಲು ಅವಕಾಶ. ಮುಕ್ಕಾಲು ಗಂಟೆ ಮಾತು, ಕಾಲು ಗಂಟೆ ಬಿಡುವು. ಆ ಬಿಡುವನ್ನು ಕತ್ತರಿಸಬೇಡಿ, ದಯವಿಟ್ಟು. ಮೂಲೆಗಳ ನಡುವೆ ಗಾಲಿಕುರ್ಚಿ ಸಲೀಸಾಗಿ ಓಡುವಷ್ಟು ದಾರಿ ಬಿಡಿ, ಏಕೆಂದರೆ ಇಲ್ಲಿ ಎಲ್ಲರೂ ಮಧ್ಯದಲ್ಲೇ ಎದ್ದು ಓಡಾಡುತ್ತಾರೆ. ಅದು ಓವೆನ್ ಅವರ ಎರಡು ಕಾಲಿನ ನಿಯಮ. ಕಲಿಯುತ್ತಲೂ ಇಲ್ಲ, ಕಲಿಸುತ್ತಲೂ ಇಲ್ಲ ಅನಿಸಿದರೆ ಎದ್ದು ಬೇರೆ ಗುಂಪಿಗೆ ಹೋಗಿ. ಯಾರೂ ಬೇಜಾರು ಮಾಡಿಕೊಳ್ಳಬಾರದು. ಮಾಡಿಕೊಳ್ಳುತ್ತಾರೆ, ಅದು ಬೇರೆ ವಿಷಯ.

ಅವರದೇ ಇನ್ನೊಂದು ಮಾತು, ಯಾವಾಗ ಶುರುವಾಗುತ್ತದೋ ಅದೇ ಸರಿಯಾದ ಸಮಯ. ನನಗೆ ಇದು ಸೋಮಾರಿಗಳ ಸಬೂಬು ಅನಿಸುತ್ತದೆ. ಹಾಲ್ ಬಾಡಿಗೆ ಗಂಟೆಯ ಲೆಕ್ಕದಲ್ಲಿ ಓಡುತ್ತಿರುತ್ತದೆ, ಸರಿಯಾದ ಸಮಯವಂತೆ!

ಮಾಡುವವರಿಗೆ ನಿಜವಾದ ಕೆಲಸ ಇರುವುದು ಆಹ್ವಾನದಲ್ಲಿ. ಸುಮ್ನೆ "ಬನ್ನಿ, ಚರ್ಚಿಸೋಣ" ಅಂದರೆ ಯಾರೂ ಬರುವುದಿಲ್ಲ. ಬರಬೇಕು ಅನಿಸಿದರೂ ಅವರ ಮೇಲಿನವರು ರಜೆ ಕೊಡುವುದಿಲ್ಲ, ಅಜೆಂಡಾ ಎಲ್ಲಿ ಅಂತ ಕೇಳುತ್ತಾರೆ. ತಪ್ಪು ಅಂತೀರಾ? ನಾನಿದ್ದರೂ ಕೇಳುತ್ತಿದ್ದೆ. ಅದಕ್ಕೆ ಆಹ್ವಾನದಲ್ಲಿ ಒಂದು ಪ್ರಶ್ನೆ ಇರಬೇಕು, ನಮ್ಮ ಕೆಲಸದಲ್ಲಿ ಎಲ್ಲರ ತಲೆ ತಿನ್ನುತ್ತಿರುವ, ಉತ್ತರ ಯಾರ ಹತ್ತಿರವೂ ಪೂರ್ತಿ ಇಲ್ಲದ ಪ್ರಶ್ನೆ. ನೋಂದಣಿ ಫಾರ್ಮ್‌ನಲ್ಲಿ ಎರಡು ಖಾನೆ ಇಡಿ: ಏನು ಕಲಿಯಬೇಕು, ಏನು ಹಂಚಿಕೊಳ್ಳಬಲ್ಲಿರಿ. ಬಂದ ಉತ್ತರಗಳನ್ನು ಒಟ್ಟು ಮಾಡಿ ಎಲ್ಲರಿಗೂ ಕಳುಹಿಸಿ. ಮೇಲಿನವರಿಗೆ ತೋರಿಸಲು ಒಂದು ಕಾಗದವೂ ಆಯಿತು, ಬರುವವರ ತಲೆಯೂ ಓಡಲು ಶುರುವಾಯಿತು.

ವಿಷಯಗಳಿಗೆ ವೋಟಿಂಗ್ ಮಾತ್ರ ಇಡಬೇಡಿ. ಇಷ್ಟವಾದ ಚೀಟಿಗೆ ಚುಕ್ಕಿ ಅಂಟಿಸಿ ಆರಿಸುವುದು ನೋಡಲು ಚಂದ, ಆದರೆ ಕೊನೆಗೆ ಉಳಿಯುವುದು ಎಲ್ಲರಿಗೂ ಗೊತ್ತಿರುವ ವಿಷಯಗಳೇ. ಮೂರೇ ಜನಕ್ಕೆ ಬೇಕಾದ ವಿಷಯವೂ ನಡೆಯಲಿ. ಆ ಮೂವರು ಇನ್ನೆಲ್ಲಿ ಸಿಗುತ್ತಾರೆ? ಹಾಂ, ಮೂಲೆಗಳು ಕಡಿಮೆ ಇದ್ದು ಚೀಟಿ ಜಾಸ್ತಿ ಬಂದರೆ ವೋಟಿಂಗ್ ಬೇಕಾಗಬಹುದು. ಸರಿ, ಆಗ ಇಡಿ.

ಈ ಕ್ಲಿಪ್ ಮಧ್ಯಾಹ್ನದ್ದು. ಎಡಗಡೆಯವರನ್ನು ನೋಡಿ, ಸ್ಲೈಡ್ ತಂದಿದ್ದಾರೆ! ಐವತ್ತು ಪುಟ ಇರಬೇಕು, ಒಬ್ಬರೇ ಮಾತಾಡುತ್ತಿದ್ದಾರೆ. ಈಗ ಜನ ಹೇಗೆ ಒಬ್ಬೊಬ್ಬರಾಗಿ ಜಾರುತ್ತಾರೆ ನೋಡಿ. ನಾವೇನೂ ಹೇಳಬೇಕಾಗಲಿಲ್ಲ. ಬಲಗಡೆಯ ಗುಂಪು ಶುರುವಾಗಿದ್ದೇ ಇಪ್ಪತ್ತು ನಿಮಿಷ ತಡವಾಗಿ. ಇಬ್ಬರು ಬಾಗಿಲ ಹತ್ತಿರ ನಿಂತು ಹರಟುತ್ತಿದ್ದರು, ಅದೇ ಬೆಳೆದು ದಿನದ ಅತಿ ಬಿಸಿ ಚರ್ಚೆ ಆಯಿತು. ಓವೆನ್ ಹೇಳಿದ್ದರಲ್ಲಿ ಏನೋ ಇದೆ ಬಿಡಿ. ಆದರೂ ಗಂಟೆ ಹೊಡೆಯುವುದನ್ನು ನಾನಂತೂ ನಿಲ್ಲಿಸುವುದಿಲ್ಲ.

ಪ್ರತಿ ಗುಂಪಿನಲ್ಲೂ ಒಬ್ಬರು ಬರೆದುಕೊಳ್ಳಲೇಬೇಕು. ಶುರುವಿನಲ್ಲೇ ಹೆಸರು ಹಾಕಿ, ಆಮೇಲೆ ಕೇಳಿದರೆ ಎಲ್ಲರೂ ಶೂ ನೋಡಿಕೊಳ್ಳುತ್ತಾರೆ. ಅವತ್ತೇ ಫೋಟೋ ತೆಗೆದು ಒಂದು ಕಡೆ ಹಾಕಿ. ಚೀಟಿಗಳನ್ನು ಕೀಳುವ ಮೊದಲು ಕಿಟಕಿಯ ಫೋಟೋ ಕೂಡ.

ಆ ಹಾಲ್‌ನವರು ಬರುತ್ತಿದ್ದಾರೆ, ಈಗ ಗಾಜು ಒರೆಸಿಕೊಡಬೇಕಂತೆ. ಕಟ್ ಮಾಡುತ್ತೇನೆ.