ಕೊನೆಗೆ ಯಾರು ಹಾಡಬೇಕು?

ಕೇಳುಗರಿಗೆಲ್ಲ ನಮಸ್ಕಾರ.

ದಸರಾ ಹತ್ತಿರ ಬಂತು ಅಂದರೆ ಮೈಸೂರಿನ ಎಷ್ಟೋ ಮನೆಗಳಲ್ಲಿ ಒಂದು ಸಣ್ಣ ಜಗಳ ಶುರುವಾಗುತ್ತದೆ. ಜಂಬೂಸವಾರಿ ಪಾಸಿನ ಜಗಳ ಅಲ್ಲ, ಅದು ಬೇರೆಯೇ. ಇದು, ಈ ಸಲ ಹಾಡೋಕೆ ಯಾರು ಬರುತ್ತಾರೆ ಅನ್ನುವ ಜಗಳ. ಪೇಪರಿನಲ್ಲಿ ಪಟ್ಟಿ ಬಂದ ದಿನ ಅಜ್ಜ ಅರಮನೆ ವೇದಿಕೆಯ ಹೆಸರುಗಳನ್ನು ಓದುತ್ತಾರೆ. ಮೊಮ್ಮಗಳು ಯುವ ದಸರಾದ ಹೆಸರುಗಳನ್ನು ಓದುತ್ತಾಳೆ. ಆಮೇಲೆ ಇಬ್ಬರೂ ಪೇಪರ್ ಅದಲುಬದಲು ಮಾಡಿಕೊಂಡು ಒಂದೇ ಮಾತು ಹೇಳುತ್ತಾರೆ: "ಇವರನ್ನೆಲ್ಲ ಯಾರು ಕೇಳ್ತಾರೆ?"

2024ರ ಯುವ ದಸರಾವನ್ನು ನೆನಪಿಸಿಕೊಳ್ಳಿ. ಊರ ಮಧ್ಯದ ಮಹಾರಾಜ ಕಾಲೇಜು ಮೈದಾನ ಬಿಟ್ಟು ಉತ್ತನಹಳ್ಳಿ ಹತ್ತಿರದ ಬಯಲಿಗೆ ಹೋದ ವರ್ಷ ಅದು. ಐದು ರಾತ್ರಿ, ಐದು ದೊಡ್ಡ ಹೆಸರು. ಮೊದಲ ದಿನ ಶ್ರೇಯಾ ಘೋಷಾಲ್. ಆಮೇಲೆ ರವಿ ಬಸ್ರೂರು, ರ್ಯಾಪ್ ಹಾಡುವ ಬಾದ್‌ಶಾ, ಎ.ಆರ್. ರೆಹಮಾನ್. ಕೊನೆಯ ರಾತ್ರಿ ಇಳಯರಾಜ. ಯುವಕರ ಹೆಸರಿನ ಹಬ್ಬ, ಕೊನೆಯ ರಾತ್ರಿಯ ಯಜಮಾನರಿಗೆ 81 ವರ್ಷ!

ಇದು ತಮಾಷೆಯಾಗಿ ಕಂಡರೂ ವಿಚಿತ್ರ ಅಲ್ಲ. ಮಣಿರತ್ನಂ ಅವರ ಮೊದಲ ಸಿನಿಮಾ ಕನ್ನಡದ್ದು, 1983ರ 'ಪಲ್ಲವಿ ಅನುಪಲ್ಲವಿ'. ಸಂಗೀತ ಇಳಯರಾಜ ಅವರದು. ಆ ಚಿತ್ರದ ಒಂದು ಟ್ಯೂನ್ ಎಷ್ಟೋ ವರ್ಷ ಆದ ಮೇಲೆ ಒಂದು ಮೊಬೈಲ್ ಕಂಪನಿಯ ಟೀವಿ ಜಾಹೀರಾತಿಗೆ ಬಂತು. ಆಗಿನ ಮಕ್ಕಳು ಸಿನಿಮಾ ನೋಡಿರಲಿಲ್ಲ, ಸಂಗೀತ ಯಾರದು ಅಂತಲೂ ಗೊತ್ತಿರಲಿಲ್ಲ. ಟ್ಯೂನ್ ಮಾತ್ರ ಬಾಯಿಪಾಠ. ಕ್ರಿಕೆಟ್ ನಡುವೆ, ಊಟದ ನಡುವೆ, ಬೇಡ ಅಂದರೂ ಕಿವಿಗೆ ಬೀಳುತ್ತಿತ್ತು. ಒಂದು ತಲೆಮಾರಿನ ಸಂಗೀತ ಇನ್ನೊಂದಕ್ಕೆ ದಾಟುವುದು ಜಾಸ್ತಿ ಹೀಗೇ ಅಂತ ನನಗೆ ಅನ್ನಿಸುತ್ತದೆ. ಹಿರಿಯರ ಉಪದೇಶದಿಂದ ಅಲ್ಲ, ಆರಿಸಿಕೊಳ್ಳದೆ ಕಿವಿಗೆ ಬಿದ್ದದ್ದರಿಂದ.

ಕೊನೆಯ ಸರದಿ ದೊಡ್ಡವರಿಗೆ ಅನ್ನುವುದು ರಾಕ್ ಹಬ್ಬಗಳಲ್ಲಿ ಮಾತ್ರ ಇರುವ ಪದ್ಧತಿ ಅಲ್ಲ. ಹಿಂದೂಸ್ತಾನಿ ಬೈಠಕ್‌ಗಳಲ್ಲೂ ಅದೇ ಕ್ರಮ. ಸಂಜೆ ಎಳೆಯರು, ನಡುರಾತ್ರಿ ನಡುವಯಸ್ಸಿನವರು, ಬೆಳಗಿನ ಜಾವಕ್ಕೆ ಹಿರಿಯರು. ಗುರು ಸವಾಯಿ ಗಂಧರ್ವರ ನೆನಪಿಗೆ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಉತ್ಸವ ಶುರು ಮಾಡಿದರಲ್ಲ, ಅಲ್ಲಿ ಕೊನೆಗೆ ಹಾಡುತ್ತಿದ್ದವರು ಸ್ವತಃ ಜೋಶಿಯವರೇ. ಅವರನ್ನು ಕೇಳಬೇಕು ಅಂದರೆ ರಾತ್ರಿಯಿಡೀ ಕೂರಬೇಕು. ಕೂತವರು ತಾವು ಹೆಸರೇ ಕೇಳದ ಹುಡುಗ ಹುಡುಗಿಯರನ್ನೂ ಕೇಳಲೇಬೇಕು. ಎದ್ದು ಚಹಾ ಕುಡಿಯಲು ಹೋದರೂ ಹಾಡು ಹಿಂದೆಯೇ ಬರುತ್ತಿತ್ತು.

ಆಮೇಲೆ ರಾತ್ರಿ ಹತ್ತು ಗಂಟೆಯ ನಿಯಮ ಬಂತು. 2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆ ಸರ್ಕಾರ ವರ್ಷಕ್ಕೆ ಹದಿನೈದು ದಿನ ಮಾತ್ರ ನಡುರಾತ್ರಿಯವರೆಗೆ ಸಡಿಲಿಸಬಹುದು. ನಿಯಮ ಬೇಕಾದದ್ದೇ, ಪಕ್ಕದ ಮನೆಯಲ್ಲಿ ಕಾಯಿಲೆಯವರು ಇದ್ದವರನ್ನು ಕೇಳಿ. ಆದರೆ ಬಯಲಿನ ಕಛೇರಿಗಳಿಂದ ನಡುರಾತ್ರಿಯ ದರ್ಬಾರಿ, ಬೆಳಗಿನ ಜಾವದ ಲಲಿತ್‌ನಂಥ ರಾಗಗಳು ಹೊರಟುಹೋದವು. ಸಮಯ ಕಡಿಮೆ ಆದಾಗ ಮೊದಲು ಕತ್ತರಿ ಬೀಳುವುದು ಎಳೆಯರ ಸರದಿಗೇ ಅಲ್ವಾ?

ರುಚಿಯ ವಿಷಯದಲ್ಲಿ ನಾವು ರೇಡಿಯೋದವರು ಸಾಚಾ ಅಂತ ತಿಳಿಯಬೇಡಿ. 1940ರಿಂದ ಮೂರು ದಶಕ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ಜಾಗ ಇರಲಿಲ್ಲ. 1952ರ ಹೊತ್ತಿಗೆ, ಬಿ.ವಿ. ಕೇಸ್ಕರ್ ಪ್ರಸಾರ ಖಾತೆಯ ಸಚಿವರಾಗಿದ್ದಾಗ, ಸಿನಿಮಾ ಹಾಡುಗಳಿಗೂ ಬಾಗಿಲು ಹಾಕಿದರು. ಜನ ಶಾಸ್ತ್ರೀಯ ಸಂಗೀತ ಕೇಳಲಿ ಅನ್ನುವುದು ಉದ್ದೇಶ. ಜನ ಸುಮ್ನೆ ರೇಡಿಯೋದ ಗುಂಡಿ ತಿರುಗಿಸಿ, ಸಿನಿಮಾ ಹಾಡು ಹಾಕುತ್ತಿದ್ದ ರೇಡಿಯೋ ಸಿಲೋನ್ ಹಾಕಿಕೊಂಡರು. ಕೊನೆಗೆ 1957ರಲ್ಲಿ ಸಿನಿಮಾ ಹಾಡುಗಳನ್ನೂ ಕೇಳಿಸುವ ಆಕಾಶವಾಣಿಯದೇ ವಿವಿಧ ಭಾರತಿ ಶುರುವಾಯಿತು. ಇವತ್ತು ಆ ಕಾಲದ ಹಾಡುಗಳನ್ನೇ 'ಹಳೆಯ ಚಿನ್ನ' ಅಂತ ನಾವೇ ಹೆಮ್ಮೆಯಿಂದ ಕೇಳಿಸುತ್ತೇವೆ.

ಮೂವತ್ತು ಸೆಕೆಂಡಿನ ರೀಲ್ಸ್ ನೋಡುವ ಮಕ್ಕಳಿಗೆ ತಾಳ್ಮೆ ಇಲ್ಲ ಅಂತ ಬೈಯುವವರಿಗೆ ಇನ್ನೊಂದು ಸಂಗತಿ. 1902ರಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್ ಗಂಟೆಗಟ್ಟಲೆ ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಇಳಿಸಿದ್ದರು. ನಮ್ಮ ಮುತ್ತಜ್ಜಂದಿರು ಮರುಳಾದದ್ದು ಆ ಮೂರು ನಿಮಿಷದ ತಟ್ಟೆಗಳಿಗೇ. ಗೌಹರ್ ಜಾನ್ ಕೊನೆಗೆ ಅರಮನೆಯ ಗಾಯಕಿಯಾಗಿ ಮೈಸೂರಿಗೆ ಬಂದರು, 1930ರಲ್ಲಿ ಇಲ್ಲೇ ತೀರಿಕೊಂಡರು.

ಆ ಅರಮನೆಯ ವಿಷಯವನ್ನೇ ನೋಡಿ. ಅಲ್ಲಿ ವೀಣೆ ಶೇಷಣ್ಣ ಇದ್ದರು, ಇಂಗ್ಲಿಷ್ ಬ್ಯಾಂಡೂ ಇತ್ತು. ದಕ್ಷಿಣ ಕನ್ನಡದ ನಾಗಸ್ವರ ಮನೆತನದ ಒಬ್ಬ ಹುಡುಗ ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಬೆರಗಾದ. ಆ ವಾದ್ಯದಲ್ಲಿ ಗಮಕ, ಅಂದರೆ ನಮ್ಮ ಸಂಗೀತದ ಸ್ವರಗಳ ಓಲಾಟ, ನುಡಿಸಬೇಕು ಅಂತ ಹಟ ಹಿಡಿದ. ವರ್ಷಗಟ್ಟಲೆ ಸಾಧನೆ ಮಾಡಿ, ವಾದ್ಯದ ಕೀಲಿಗಳನ್ನೂ ತನಗೆ ಬೇಕಾದ ಹಾಗೆ ತಿದ್ದಿಕೊಂಡ. ಆ ಹುಡುಗನೇ ಕದ್ರಿ ಗೋಪಾಲನಾಥ್. 'ಇದೆಂಥ ಕರ್ನಾಟಕ ಸಂಗೀತ' ಅಂತ ಮೂಗು ಮುರಿದವರು ಇದ್ದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವ ಅವರನ್ನು ಕರೆಸಿತು. ಆಗ ವೀಣೆಗೊಂದು ಕಡೆ, ಬ್ಯಾಂಡಿಗೊಂದು ಕಡೆ ಅಂತ ಊರಾಚೆ ಮೈದಾನ ಹಂಚಿದ್ದರೆ ಆ ಹುಡುಗನ ಕಿವಿಗೆ ಸ್ಯಾಕ್ಸೋಫೋನ್ ಬೀಳುತ್ತಿತ್ತೋ ಇಲ್ಲವೋ.

ಹಾಗಾಗಿ ನನ್ನ ದೂರು ಬಾದ್‌ಶಾ ಮೇಲಲ್ಲ. ಎರಡು ವೇದಿಕೆಗಳು ಒಂದಕ್ಕೊಂದು ಕೇಳಿಸದಷ್ಟು ದೂರ ಹೋಗಿರುವುದರ ಮೇಲೆ. ಅರಮನೆ ಮುಂದೆ ಒಂದು ಸಂಜೆ, ಹಿರಿಯ ವಿದ್ವಾಂಸರ ಕಛೇರಿಗೆ ಮೊದಲು ಅರ್ಧ ಗಂಟೆ ಕಾಲೇಜು ಹುಡುಗರ ಬ್ಯಾಂಡಿಗೆ ಕೊಡಲಿ. ಯುವ ದಸರಾದಲ್ಲಿ ದೊಡ್ಡ ಸ್ಟಾರ್ ಬರುವ ಮುಂಚೆ ಅರ್ಧ ಗಂಟೆ ವೀಣೆ ಇರಲಿ. ಕೂಗಾಟ ಆಗುತ್ತದೆ, ಗೊತ್ತು. ಕೆಲವರು ಫೋನ್ ನೋಡುತ್ತಾ ಕೂರುತ್ತಾರೆ. ಕೂರಲಿ ಬಿಡಿ, ಕಿವಿ ತೆರೆದೇ ಇರುತ್ತದಲ್ಲ. ಆ ವೀಣೆಗೆ ಮಾತ್ರ ಒಳ್ಳೆಯ ಮೈಕು ಇಡಿ, ಆಮೇಲೆ ಬರುವ ಡ್ರಮ್ಮಿಗೆ ಇಡುವಷ್ಟೇ ಒಳ್ಳೆಯದನ್ನು.

ನಮಸ್ಕಾರ.